ನೀಲವ್ವನ ನಡಿಗೆ ಕಲಿತ ಬಂಡಿ

“ನಾ ಕುಂಟಿ, ಕೂಸಿನ್ನ ಕೆಡವತೀನಿ ಅಂತ ಬಾಯಿ ಬಿಟ್ಟು ಹೇಳಿಬಿಡಲಾ. ಬಂಡಿ ಗಿಂಡಿ ಅಂತ ಯಾಕ ಸುತ್ತಿ ಬಳಸಿ ಮಾತಾಡ್ತಿ?”

“ಯವ್ವಾ, ನಾ ಯಾವಾಗ ಹಂಗಂದೆ? ಮೊಣಕಾಲಿನ ಆಪರೇಷನ್ ಆಗಿ ಇನ್ನೂ ಆರು ತಿಂಗಳಾಗಿಲ್ಲ. ಐದು ಕಿಲೋಕ್ಕಿಂತ ಹೆಚ್ಚಿಗಿ ಎತ್ತಬಾರದು ಅಂತ ಡಾಕ್ಟರು ಹೇಳ್ಯಾರ. ಇಂಚರಾ ಹನ್ನೊಂದು ಕಿಲೋ ಅದಾಳ.”

“ನೀ ಹದಿಮೂರು ಕಿಲೋ ಇದ್ದಿ. ನಿನ್ನ ಬಗಲಾಗ ಇಟಗೊಂಡು ಬನಶಂಕರಿ ಗುಡಿ ಮಟಾ ನಡದೀನಿ. ಅವತ್ತ ನಿನ್ನ ಡಾಕ್ಟರ್ ಎಲ್ಲಿದ್ದ?”

“ಹುಟ್ಟಿದ್ದಿಲ್ಲ,” ಎಂದ ಮಗ ಮಹಾಂತೇಶ.

ಈ ಜಗಳ ನಡೆದದ್ದು ‘ಏಳುಲೋಕ’ ವಿನೋದನಗರಿಯ ಬಂಡಿಮನೆಯಲ್ಲಿ. 2068ರ ಹೊತ್ತಿಗೆ ಕಾರವಾರದ ಕಡಲಿಗೆ ಚಾಚಿ ಕಟ್ಟಿದ್ದ ಆ ನಗರಿಯನ್ನು ಪೂರ್ತಿ ನೋಡಬೇಕೆಂದರೆ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರು ನಡೆಯಬೇಕಿತ್ತು. ಆದ್ದರಿಂದ ಮಕ್ಕಳಿದ್ದವರು ಬಾಗಿಲಲ್ಲೇ ಒಂದು ಬಂಡಿ ಆರಿಸಿಕೊಂಡು ಒಳಗೆ ಹೋಗುವುದು ಅಲ್ಲಿಯ ಪದ್ಧತಿ. ಮಹಾಂತೇಶ ಬಾಗಲಕೋಟೆಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಹೆಂಡತಿ ಸುನಂದಾ, ಒಂದೂವರೆ ವರ್ಷದ ಮಗಳು ಇಂಚರಾ, ತಾಯಿ ನೀಲವ್ವ ಇವರನ್ನು ಕರೆದುಕೊಂಡು ಮೂರು ದಿನದ ರಜೆಗೆಂದು ಬಂದಿದ್ದ. ಬಂದು ಮುಕ್ಕಾಲು ಗಂಟೆಯಾಗಿತ್ತು. ಇನ್ನೂ ಬಂಡಿಮನೆ ದಾಟಿರಲಿಲ್ಲ.

ನೀಲವ್ವ ಗುಳೇದಗುಡ್ಡದವಳು. ಚಿಕ್ಕಂದಿನಲ್ಲಿ ಮಗ್ಗದ ಗುಂಡಿಗೆ ಬಿದ್ದು ಎಡಗಾಲು ಮುರಿದಿತ್ತು. ಕೂಡಿದ ಎಲುಬು ಎರಡು ಬೆರಳು ಗಿಡ್ಡವಾಗಿಯೇ ಕೂಡಿತು. ಆ ಕಾಲಿನಲ್ಲೇ ನಲವತ್ತು ವರ್ಷ ಮಗ್ಗ ತುಳಿದು ಕುಪ್ಪಸದ ಖಣ ನೇಯ್ದಿದ್ದಳು, ಮೂರು ಮಕ್ಕಳನ್ನು ಬಗಲಲ್ಲಿ ಹೊತ್ತಿದ್ದಳು. ಈಗ ಮೊಮ್ಮಗಳು ನಿದ್ದೆ ಮಾಡುತ್ತಿದ್ದದ್ದು ಅವಳ ಬಗಲಲ್ಲಿ ಮಾತ್ರ. ತೊಟ್ಟಿಲಲ್ಲಿ ಮಲಗಿಸಿದರೆ ಅಳು, ತಾಯಿ ಎತ್ತಿಕೊಂಡರೂ ಅಳು.

“ಅತ್ತಿಯಾರ, ಸಿಟ್ಟಾಗಬ್ಯಾಡ್ರಿ,” ಎಂದಳು ಸುನಂದಾ. “ಈ ಬಂಡಿಯೊಳಗ ಇಕಿ ಮಲಗೂದು ಕಲತ್ಲಂದ್ರ ನಿಮಗೂ ಆರಾಮ. ಮುಂದಿನ ಸಲ ಇಷ್ಟು ದೂರ ಬರೂ ತ್ರಾಸ ಇಲ್ಲ. ಮನ್ಯಾಗ ಆರಾಮ ಕುಂಡ್ರಬಹುದು.”

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನೀಲವ್ವನಿಗೆ ಎದೆಗೆ ಹೊಡೆದಂತಾಯಿತು. ಕೂಸು ಬಂಡಿಯಲ್ಲಿ ಮಲಗಿದರೆ ತನ್ನನ್ನು ಇನ್ನು ಎಲ್ಲಿಗೂ ಕರೆದೊಯ್ಯುವುದಿಲ್ಲ. ಆ ಮಾತಿಗೆ ಬೇರೆ ಅರ್ಥ ಏನಿದೆ? ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊಮ್ಮಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಬಂಡಿಮನೆಯಲ್ಲಿ ಮೂರು ಬಗೆಯ ಬಂಡಿಗಳಿದ್ದವು. ಒಂದು ಹಳೆಯ ಗಾಲಿಬಂಡಿ. ಅದನ್ನು ಮನುಷ್ಯರೇ ತಳ್ಳಬೇಕು. ಇನ್ನೊಂದು ತೇಲುಬಂಡಿ. ನೆಲದೊಳಗೆ ಹುದುಗಿಸಿದ ಅಯಸ್ಕಾಂತಗಳ ಮೇಲೆ ಗೇಣುದ್ದ ತೇಲುತ್ತಿತ್ತು. ಅದರಲ್ಲಿ ಲೋಟದ ನೀರೂ ತುಳುಕುತ್ತಿರಲಿಲ್ಲ, ಮಕ್ಕಳಿಗೆ ನಿದ್ದೆಯೂ ಬರುತ್ತಿರಲಿಲ್ಲ. ಮೂರನೆಯದು ಆ ವರ್ಷವಷ್ಟೇ ಬಂದ ಬಗಲುಬಂಡಿ. ಅದಕ್ಕೆ ಗಾಲಿಗಳಿರಲಿಲ್ಲ, ನಾಲ್ಕು ಕಾಲುಗಳಿದ್ದವು. ಹೆಂಗಸಿನ ಸೊಂಟದ ಎತ್ತರಕ್ಕೆ ಮೆತ್ತನೆಯ ಪೀಠ. ಮಗುವನ್ನು ದಿನವೂ ಎತ್ತಿಕೊಳ್ಳುವವರು ಹೇಗೆ ನಡೆಯುತ್ತಾರೋ ಹಾಗೆಯೇ ಆ ಬಂಡಿಯೂ ನಡೆಯುತ್ತಿತ್ತು. ಸೊಂಟ ಎಷ್ಟು ಹೊರಳುತ್ತದೆ, ಹೆಜ್ಜೆ ಎಷ್ಟು ಭಾರ, ತಿರುಗುವಾಗ ಎಷ್ಟು ವಾಲುತ್ತದೆ ಎಂಬುದನ್ನೆಲ್ಲ ಅದು ಅಳೆದು ಇಟ್ಟುಕೊಳ್ಳುತ್ತಿತ್ತು. ಇದಕ್ಕೆ ‘ನಡಿಗೆಯ ಅಚ್ಚು’ ಎಂದು ಹೆಸರು.

ಅದನ್ನು ಕಂಡುಹಿಡಿದವನು ಡಾ. ಜಯತೀರ್ಥ. ಮೂವತ್ತೆಂಟು ವರ್ಷದ ಅವಿವಾಹಿತ. ಜಗಳದ ಸದ್ದು ಕೇಳಿ ಒಳಕೋಣೆಯಿಂದ ಹೊರಬಂದ.

“ಅಮ್ಮಾ, ಒಂದೇ ಒಂದು ಸಲ ಪರೀಕ್ಷೆ ಮಾಡಿ ನೋಡಿ. ಈ ಚಾಪೆಯ ಮೇಲೆ ಮೂವತ್ತು ಹೆಜ್ಜೆ ನಡೆದರೆ ಸಾಕು.”

“ನೀವ ಮಾಡೀರೇನ್ರಿ ಇದನ್ನ?”

“ಹೌದು.”

“ನಿಮಗೆಷ್ಟು ಮಕ್ಕಳು?”

“ಇನ್ನೂ ಮದುವೆಯಾಗಿಲ್ಲ.”

“ಮತ್ತ ಕೂಸು ಯಾವಾಗರ ಎತ್ತಿರೇನು?”

“ಪ್ರಯೋಗಾಲಯದಲ್ಲಿ ಗೊಂಬೆ ಎತ್ತಿದ್ದೇನೆ,” ಎಂದ ಜಯತೀರ್ಥ. “ನಿಜವಾದ ಮಗುವಿನಷ್ಟೇ ತೂಕ.”

ನೀಲವ್ವ ಮಗನ ಮುಖ ನೋಡಿದಳು. ಮಹಾಂತೇಶ ಚಾವಣಿ ನೋಡಿದ.

ಮೊದಲು ಸುನಂದಾ ನಡೆದಳು. ಅವಳ ಅಚ್ಚು ಹಾಕಿಸಿಕೊಂಡ ಬಂಡಿಯಲ್ಲಿ ಇಂಚರಾಳನ್ನು ಕೂರಿಸಿದರು. ಬಂಡಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಕೂಸು ತುಟಿ ಮುಂದೆ ಮಾಡಿತು, ಆರನೆಯ ಹೆಜ್ಜೆಗೆ ಕಿರುಚಿತು. ಮಹಾಂತೇಶನ ಅಚ್ಚಿಗೆ ಇನ್ನೂ ಜೋರಾಗಿ ಕಿರುಚಿತು. ನೀಲವ್ವನ ಮುಖ ಅರಳಿತು. ಮರೆಮಾಚಲು ಅವಳು ಪ್ರಯತ್ನಿಸಲೂ ಇಲ್ಲ.

“ಈಗ ನೀವು,” ಎಂದ ಜಯತೀರ್ಥ.

ಅವಳು ನಡೆದಳು. ಬೇಕೆಂದೇ ಚಾಪೆ ಅದುರುವಂತೆ ನಡೆದಳು. ಅವಳ ಅಚ್ಚಿನ ಬಂಡಿ ಕೂಸನ್ನು ಕೂರಿಸಿಕೊಂಡು ಹೊರಟಿತು. ಮತ್ತೆ ಅಳು.

ನೀಲವ್ವ ಆ ಬಂಡಿಯನ್ನೇ ದಿಟ್ಟಿಸಿದಳು. “ಇದು ನನ್ನ ನಡಿಗಿ ಅಲ್ಲ. ಇದು ನೆಟ್ಟಗ ನಡ್ಯಾಕತ್ತೈತಿ. ಜನ್ಮದಾಗ ನಾ ಹಿಂಗ ನಡದಿಲ್ಲ.”

ಜಯತೀರ್ಥ ಗಂಟಲು ಸರಿಪಡಿಸಿಕೊಂಡ. “ಅದು… ನಮ್ಮ ಯಂತ್ರ ಅಚ್ಚನ್ನು ತಿದ್ದುತ್ತದಮ್ಮ. ಯಾರ ನಡಿಗೆಯಲ್ಲಾದರೂ ದೋಷ, ಅಂದರೆ ಏರುಪೇರು ಇದ್ದರೆ ಅದನ್ನು ಸಮ ಮಾಡಿಬಿಡುತ್ತದೆ. ಸಮವಾದ ನಡಿಗೆಯೇ ಮಗುವಿಗೆ ಹಿತ ಎಂಬುದು ನಮ್ಮ ಲೆಕ್ಕ.”

“ಯಾರ ಲೆಕ್ಕ? ಗೊಂಬಿದಾ?”

ವಿಜ್ಞಾನಿಗಳಲ್ಲಿ ಹಲವರಿಗೆ ಒಂದು ಕೆಟ್ಟ ಚಟವಿದೆ. ತಮ್ಮ ಲೆಕ್ಕಕ್ಕೆ ಸಿಗದ್ದನ್ನೆಲ್ಲ ದೋಷ ಎಂದು ಬರೆದುಕೊಂಡುಬಿಡುತ್ತಾರೆ. ಜಯತೀರ್ಥನಿಗೂ ಆ ಚಟವಿತ್ತು. ಆದರೆ ಅವನಲ್ಲಿ ಒಂದು ಒಳ್ಳೆಯ ಗುಣವೂ ಇತ್ತು. ಎದುರಿಗೆ ಕೂಸು ಅಳುತ್ತಿರುವಾಗ ಅವನು ವಾದ ಮಾಡುತ್ತಿರಲಿಲ್ಲ. ತಿದ್ದುಪಡಿಯನ್ನು ತೆಗೆದುಹಾಕಿದ.

ಬಂಡಿ ಒಮ್ಮೆ ನಿಂತು ಮತ್ತೆ ಹೊರಟಿತು. ಬಲಗಡೆಯದು ಭಾರವಾದ ಉದ್ದ ಹೆಜ್ಜೆ, ಎಡಗಡೆಯದು ಹಗುರವಾದ ಗಿಡ್ಡ ಹೆಜ್ಜೆ, ಆಮೇಲೆ ಕಣ್ಣೆವೆ ಬಡಿಯುವಷ್ಟು ಬಿಡುವು. ಧಪ್, ತಪ್. ಧಪ್, ತಪ್. ಇಂಚರಾ ಬಿಕ್ಕಳಿಕೆಯ ನಡುವೆಯೇ ಅಳು ನಿಲ್ಲಿಸಿದಳು. ಹೆಬ್ಬೆರಳು ಬಾಯಿಗೆ ಹೋಯಿತು. ಬಂಡಿ ಕೋಣೆಯನ್ನು ಎರಡು ಸುತ್ತು ಹಾಕುವಷ್ಟರಲ್ಲಿ ನಿದ್ದೆ.

“ಆತು, ಹೋಗೂಣ,” ಎಂದ ಮಹಾಂತೇಶ, ಪಿಸುದನಿಯಲ್ಲಿ.

ಎಲ್ಲರೂ ಹೊರಟರು. ನೀಲವ್ವ ಕೊನೆಗೆ ಹೊರಟಳು. ಅವಳ ಬಗಲು ಖಾಲಿಯಿತ್ತು. ಆ ಕೈಯನ್ನು ಎಲ್ಲಿಡಬೇಕೆಂಬುದು ತಿಳಿಯದೆ ಸೆರಗಿನ ತುದಿ ಹಿಡಿದುಕೊಂಡಳು.

ಮಧ್ಯಾಹ್ನದವರೆಗೆ ಮಗ ಸೊಸೆ ಜಲಲೋಕ, ಹಿಮಲೋಕ ನೋಡಿದರು. ನೀಲವ್ವ ಪ್ರತಿ ಲೋಕದ ಹೊರಗೆ ಕಲ್ಲುಬೆಂಚಿನ ಮೇಲೆ ಕುಳಿತು ಕೂಸು ಮಲಗಿದ್ದ ಬಂಡಿಯನ್ನು ಕಾಯ್ದಳು. ಇದು ಅವಳಿಗೆ ಹೊಸದಲ್ಲ. ಇಂಥ ಮೂರು ವಿನೋದನಗರಿಗಳಿಗೆ ಅವಳು ಹೋಗಿದ್ದಳು. ಮೂರರಲ್ಲೂ ಬೆಂಚುಗಳನ್ನು ಮಾತ್ರ ಚೆನ್ನಾಗಿ ಬಲ್ಲಳು. ಮೊದಲೆಲ್ಲ ಬಗಲಲ್ಲಿ ಒಂದು ಕೂಸು ಇರುತ್ತಿತ್ತು. ಈಗ ಅದೂ ಇಲ್ಲ.

ಮೂರು ಗಂಟೆಯ ಸುಮಾರಿಗೆ ಅವಳ ಮುಂದೆ ಒಂದು ಬಗಲುಬಂಡಿ ಹಾದುಹೋಯಿತು. ಅದು ಕುಂಟುತ್ತಿತ್ತು. ಕೆಟ್ಟಿರಬೇಕು ಎಂದುಕೊಂಡಳು. ಇನ್ನೊಂದು ಬಂತು. ಅದೂ ಕುಂಟುತ್ತಿತ್ತು. ಆಮೇಲೆ ಮೂರು, ಆಮೇಲೆ ಸಾಲಾಗಿ ಹತ್ತು. ಬಲಕ್ಕೆ ಭಾರ, ಎಡಕ್ಕೆ ಹಗುರ. ಧಪ್, ತಪ್. ಜನ ನಿಂತು ನಗುತ್ತಿದ್ದರು. ಕೆಲವರು ವಿಡಿಯೋ ತೆಗೆಯುತ್ತಿದ್ದರು.

ನೀಲವ್ವ ಬೆಂಚಿನಿಂದ ಎದ್ದಳು. ಗುಳೇದಗುಡ್ಡದ ಓಣಿಯಲ್ಲಿ ಅವಳು ಕೊಡ ಹೊತ್ತು ಹೊರಟರೆ ಹುಡುಗರು ಹಿಂದೆ ಸಾಲುಗಟ್ಟಿ ಅವಳಂತೆಯೇ ಕುಂಟುತ್ತ ಬರುತ್ತಿದ್ದರು. ಅವಳು ತಿರುಗಿದರೆ ನೆಟ್ಟಗೆ ನಿಲ್ಲುತ್ತಿದ್ದರು, ನಡೆದರೆ ಮತ್ತೆ ಕುಂಟುತ್ತಿದ್ದರು. ಅದಾಗಿ ಐವತ್ತು ವರ್ಷ. ಆ ಸಾಲು ಇಲ್ಲಿಗೂ ಬಂದಿತೇ?

ಮಗ ಸೊಸೆ ಯಾವುದೋ ಸರದಿಯಲ್ಲಿ ನಿಂತಿದ್ದರು. ಅವಳು ಯಾರಿಗೂ ಹೇಳದೆ ಬಂಡಿಯನ್ನು ಹಿಂದಿಟ್ಟುಕೊಂಡು ಬಂಡಿಮನೆಗೆ ನಡೆದಳು. ಮುಂದೆ ಅವಳು, ಹಿಂದೆ ಅವಳದೇ ನಡಿಗೆಯ ಬಂಡಿ. ಬಾಗಿಲನ್ನು ಕೈಯಿಂದ ಬಡಿಯಲಿಲ್ಲ, ಒದ್ದಳು.

“ಸಾಹೇಬ್ರ, ಬರ್ರಿ ಹೊರಗ. ನನ್ನ ಕಾಲಿನ ಆಟ ಇಡೀ ಊರಿಗೆ ತೋರ್ಸಾಕ ನನ್ನ ಚಾಪಿ ಮ್ಯಾಲ ನಡಿಸಿದ್ರೇನು?”

ಜಯತೀರ್ಥ ಹೊರಬಂದ. ಅವನ ಕೂದಲು ಕೆದರಿತ್ತು.

“ಅಮ್ಮಾ, ನಿಮ್ಮನ್ನೇ ಹುಡುಕಿಸುತ್ತಿದ್ದೆ. ಕೂತುಕೊಳ್ಳಿ.”

“ನಿಂತ ಬೈತೀನಿ.”

“ಸರಿ, ಬೈಯಿರಿ. ಆದರೆ ಮೊದಲು ಕೇಳಿ. ಈ ಬಂಡಿಗಳು ಒಂದಕ್ಕೊಂದು ಕಲಿಸಿಕೊಳ್ಳುತ್ತವೆ. ನಾವು ಇದಕ್ಕೆ ಹಂಚುಕಲಿಕೆ ಅನ್ನುತ್ತೇವೆ. ಯಾವ ಬಂಡಿಯಲ್ಲಿ ಮಗು ಬೇಗ ಸಮಾಧಾನವಾಯಿತೋ ಅದರ ನಡಿಗೆಯನ್ನು ಉಳಿದವು ಒಂದಿಷ್ಟು ದೂರ ಪ್ರಯತ್ನಿಸಿ ನೋಡುತ್ತವೆ. ಅದರ ಮಗುವೂ ಸುಮ್ಮನಾದರೆ ಅದನ್ನೇ ಇಟ್ಟುಕೊಳ್ಳುತ್ತವೆ. ನಾನು ಏನೂ ಮಾಡಲಿಲ್ಲ. ಇಲ್ಲಿ ನಾನೂರ ಹನ್ನೆರಡು ಬಂಡಿಗಳಿವೆ. ಬೆಳಗಿನಿಂದ ನಾನೂರ ಒಂಬತ್ತು ನಿಮ್ಮ ನಡಿಗೆಗೆ ಬದಲಾಗಿವೆ.”

“ಉಳದ ಮೂರು?”

“ಅವುಗಳಲ್ಲಿ ಮಕ್ಕಳಿಲ್ಲ. ಯಾರೋ ತಮ್ಮ ಚೀಲ ಇಟ್ಟುಕೊಂಡಿದ್ದಾರೆ.”

ನೀಲವ್ವನಿಗೆ ನಗು ಬಂತು. ತಡೆದುಕೊಂಡಳು.

“ಕಾರಣ ಗೊತ್ತಾಗಲು ನನಗೆ ಮಧ್ಯಾಹ್ನವಾಯಿತು,” ಎಂದು ಜಯತೀರ್ಥ ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದ. “ಇದು ಸಾಮಾನ್ಯರ ನಡಿಗೆ. ಟಕ್, ಟಕ್, ಟಕ್, ಟಕ್. ಇದು ನಿಮ್ಮದು. ಧಪ್, ತಪ್, ಬಿಡುವು. ಧಪ್, ತಪ್, ಬಿಡುವು. ಎದೆಯ ಬಡಿತ ಹೀಗೇ ಇರುತ್ತದಮ್ಮ. ಒಂದು ದೊಡ್ಡದು, ಒಂದು ಸಣ್ಣದು, ಮಧ್ಯೆ ಚೂರು ಬಿಡುವು. ಹೊಟ್ಟೆಯಲ್ಲಿರುವ ಮಗು ತಿಂಗಳುಗಟ್ಟಲೆ ಕೇಳಿರುವುದು ಅದನ್ನೇ. ನೆಟ್ಟಗೆ ನಡೆಯುವ ನಮ್ಮ ಯಾರ ನಡಿಗೆಯಲ್ಲೂ ಅದು ಇಲ್ಲ. ನಾನು ಆರು ವರ್ಷ ಕೂತು ಅದನ್ನೇ ದೋಷ ಅಂತ ತಿದ್ದುತ್ತಿದ್ದೆ.”

ನೀಲವ್ವ ನಿಂತೇ ಬೈಯುತ್ತೇನೆ ಎಂದವಳು ಕುಳಿತುಬಿಟ್ಟಳು.

“ಈಗ ಒಂದು ತೊಂದರೆಯಿದೆ. ಬಂಡಿಗಳು ಕೆಟ್ಟಿರುವಂತೆ ಕಾಣುತ್ತವೆ, ಈ ನಡಿಗೆಯನ್ನು ಅಳಿಸಿಹಾಕಿ ಎಂದು ನಮ್ಮ ವ್ಯವಸ್ಥಾಪಕರು ಎರಡು ಸಲ ಹೇಳಿ ಕಳಿಸಿದರು. ಆದರೆ ನಡಿಗೆ ಯಾರದೋ ಅವರ ಮಾತೇ ಕಡೆಯದು. ಕಾನೂನು ಹಾಗಿದೆ. ನೀವು ಬೇಡ ಅಂದರೆ ಈಗಲೇ ಅಳಿಸುತ್ತೇನೆ.”

ಅವಳು ಕಿಟಕಿಯತ್ತ ಎದ್ದುಹೋದಳು. ಹೊರಗೆ ಬಂಡಿಗಳ ಸಾಲು ಸಾಗುತ್ತಿತ್ತು. ನಗುವ ಜನ ಈಗಲೂ ನಗುತ್ತಿದ್ದರು. ಈ ಸಲ ಅವಳು ಜನರನ್ನು ನೋಡಲಿಲ್ಲ, ಬಂಡಿಯೊಳಗೆ ನೋಡಿದಳು. ಒಂದು ಕೂಸು ಬಾಯಿ ತೆರೆದು ಮಲಗಿತ್ತು. ಇನ್ನೊಂದು ತನ್ನ ಕಾಲ್ಚೀಲ ತಾನೇ ಚೀಪುತ್ತಿತ್ತು. ಅವಳಿ ಮಕ್ಕಳೆರಡು ತಲೆಗೆ ತಲೆ ಹಚ್ಚಿ ನಿದ್ದೆ ಹೋಗಿದ್ದವು. ಇಡೀ ದಾರಿಯಲ್ಲಿ ಒಂದು ಅಳುವಿಲ್ಲ.

“ಇರ್ಲಿ ಬಿಡ್ರಿ,” ಎಂದಳು. “ಮಕ್ಕಳು ಮಲಗ್ಯಾವು. ಎಬ್ಬಿಸಬ್ಯಾಡ್ರಿ.”

ಆಮೇಲೆ ದನಿ ತಗ್ಗಿಸಿ, “ಮತ್ತ ನನಗಿನ್ನೇನು ಕೆಲಸ?” ಎಂದಳು.

ಜಯತೀರ್ಥ ಲೆಕ್ಕವಲ್ಲದ ಪ್ರಶ್ನೆ ಎದುರಾದರೆ ತೊಡರುತ್ತಿದ್ದ. ಅವಳ ಪಕ್ಕಕ್ಕೆ ಬಂದು, “ನೀವು ಏಳು ಲೋಕದಲ್ಲಿ ಯಾವುದು ನೋಡಿದಿರಿ?” ಎಂದ.

“ಬೆಂಚು ನೋಡೀನಿ.”

“ಆ ಮುಗಿಲುಜೋಕಾಲಿ ಹತ್ತಿದಿರಾ?”

ಕಿಟಕಿಯಾಚೆ, ಕಡಲಿನ ಮೇಲೆ ಒಂದು ಜೋಕಾಲಿ ತೆಂಗಿನ ಮರದ ನಾಲ್ಕು ಪಟ್ಟು ಎತ್ತರಕ್ಕೆ ಹೋಗಿ ಬರುತ್ತಿತ್ತು. ಚಿಕ್ಕಂದಿನಲ್ಲಿ ನಾಗರ ಪಂಚಮಿಗೆ ಜೋಕಾಲಿ ಕಟ್ಟಿದಾಗ ಕುಂಟಿ ಬೀಳುತ್ತಾಳೆಂದು ಅವಳನ್ನು ಯಾರೂ ಹತ್ತಿಸುತ್ತಿರಲಿಲ್ಲ. ಆಮೇಲೆ ಬಗಲಲ್ಲಿ ಯಾವಾಗಲೂ ಒಂದು ಕೂಸು.

“ನನ್ನ ಕಾಲು ನಡದೀತೇನ್ರಿ ಅದಕ್ಕ?”

“ಅದರಲ್ಲಿ ಕಾಲಿಗೆ ಕೆಲಸವೇ ಇಲ್ಲ. ಗಟ್ಟಿಯಾಗಿ ಪಟ್ಟಿ ಕಟ್ಟುತ್ತಾರೆ. ಕೂತರಾಯಿತು.”

ನೀಲವ್ವ ಸೆರಗು ಸರಿಮಾಡಿಕೊಂಡಳು. ಬಂಡಿಯಿಂದ ಮೊಮ್ಮಗಳನ್ನು ಎತ್ತಿದಳು. ಜಯತೀರ್ಥ ‘ಐದು ಕಿಲೋ’ ಎಂದು ಬಾಯಿ ತೆರೆಯುವಷ್ಟರಲ್ಲಿ ಕೂಸು ಅವನ ಬಗಲಲ್ಲಿತ್ತು.

“ಕೈ ಹಿಂಗ ಕೆಳಗ ಕೊಡ್ರಿ. ಹಾಂ. ಬಂಡಿ ಮಾಡಾಂವ ಒಮ್ಮೆರ ಕೂಸು ಎತಗೋಬೇಕು. ಒಂದು ಸುತ್ತು ಹೋಗಿ ಬರ್ತೀನಿ.”

ಹೋದಳು. ಬಾಗಿಲು ಮುಚ್ಚಿಕೊಂಡಿತು.

ಜಯತೀರ್ಥ ಕೂಸನ್ನು ಬಂಡಿಗೆ ಹಾಕಲು ಬಗ್ಗಿದ. ಅದು ಅವನ ಅಂಗಿಯ ಕಾಲರನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಬಗ್ಗಿದ ಕೂಡಲೇ ಅದರ ಕಣ್ಣು ಅರ್ಧ ತೆರೆಯಿತು. ನೆಟ್ಟಗಾದ, ಮುಚ್ಚಿತು. ಮತ್ತೆ ಬಗ್ಗಿದ, ತೆರೆಯಿತು. ಈ ಸಂಗತಿ ಗೊಂಬೆಯ ಪ್ರಯೋಗದಲ್ಲಿ ಅವನಿಗೆ ಕಂಡಿರಲಿಲ್ಲ. ನಿಂತೇ ಇದ್ದರೆ ತುಟಿ ಮುಂದೆ ಬರುತ್ತಿತ್ತು. ಕೋಣೆಯಲ್ಲಿ ನಡೆದ. ಸಮವಾಗಿ, ಹದಿನಾರು ವರ್ಷ ಓದಿದ ಮನುಷ್ಯ ನಡೆಯುವಂತೆ. ಆರನೆಯ ಹೆಜ್ಜೆಗೆ ಕೂಸು ಕಿರುಚಿತು.

ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಅವನು ಬಲಗಾಲನ್ನು ಭಾರವಾಗಿ ಊರಿದ, ಎಡಗಾಲನ್ನು ಹಗುರವಾಗಿ ಎಳೆದ. ಧಪ್, ತಪ್. ಧಪ್, ತಪ್.

ಮುಕ್ಕಾಲು ಗಂಟೆಯ ನಂತರ ಮಹಾಂತೇಶ, ಸುನಂದಾ ಗಾಬರಿಯಿಂದ ಓಡಿಬಂದಾಗ ಬಂಡಿಗಳನ್ನು ಕಂಡುಹಿಡಿದ ವಿಜ್ಞಾನಿ ಬೆವರುತ್ತ, ಕುಂಟುತ್ತ ಕೋಣೆ ಸುತ್ತುತ್ತಿದ್ದ. ಪಕ್ಕದಲ್ಲಿ ಖಾಲಿ ಬಂಡಿ ನಿಂತಿತ್ತು.

“ಅತ್ತಿಯಾರ ಎಲ್ಲೆದಾರ್ರಿ?” ಎಂದಳು ಸುನಂದಾ.

ಕೈ ಖಾಲಿಯಿರಲಿಲ್ಲವಾದ್ದರಿಂದ ಅವನು ಗದ್ದದಿಂದ ಕಿಟಕಿ ತೋರಿಸಿದ. ಇಳಿಬಿಸಿಲಿನಲ್ಲಿ ಮುಗಿಲುಜೋಕಾಲಿ ಕಡಲಿನ ಮೇಲಿಂದ ಇಳಿದು ನಿಂತಿತು. ಜನ ಒಬ್ಬೊಬ್ಬರಾಗಿ ಇಳಿದು ಹೊರಬಾಗಿಲ ಕಡೆ ಹೋದರು. ಖಣದ ಕುಪ್ಪಸದ ಒಬ್ಬ ಮುದುಕಿ ಮಾತ್ರ ಆ ಕಡೆ ಹೋಗಲಿಲ್ಲ.

“ಯವ್ವಾ,” ಎಂದು ಮಹಾಂತೇಶ ಕಿಟಕಿಯಿಂದ ಕೂಗಿದ. “ಬಾ ಇತ್ತಾಗ.”

ಅವಳು ಕೈ ಎತ್ತಿ ಬೀಸಿದಳು. ಆಮೇಲೆ ಧಪ್, ತಪ್ ಎಂದು ಹೆಜ್ಜೆ ಹಾಕುತ್ತ ನಾಲ್ಕನೆಯ ಸಲ ಸರದಿಯ ತುದಿಗೆ ಹೋಗಿ ನಿಂತಳು.