ನಾಲ್ಕು ಬೆರಳಿನ ಸುಳ್ಳು

ಆರೋಗ್ಯ ಕೇಂದ್ರದಲ್ಲಿ ತೂಕದ ಸಾಲಿನಲ್ಲಿ ನಿಂತಿದ್ದ ನೊಯೆಮಿ ಸುಮ್ಮನೆ ಹಿಂದಕ್ಕೆ ತಿರುಗಿದಳು... ಬೆನ್ನ ಹಿಂದೆಯೇ ಎಫ್ರಾಯಿನ್!

ಆ ಮುಖ ಕಂಡು ಎರಡು ವರ್ಷವಾಗಿತ್ತು. ಮೆಕ್ಸಿಕೊದ ಅಟ್ಲಿಸ್ಕೊದಂಥ ಸಣ್ಣ ಊರಿನಲ್ಲಿ ಒಬ್ಬನ ಕಣ್ಣು ತಪ್ಪಿಸಲು ಎಷ್ಟು ಬೀದಿ ಬಳಸಬೇಕೆಂಬುದು ಅವಳಿಗೇ ಗೊತ್ತು.

"ತುಂಬ ಇಳಿದಿದ್ದೀಯ," ಎಂದ. "ಚೆನ್ನಾಗಿ ಕಾಣ್ತಿದ್ದೀಯ."

ನಾನು ಇಳಿಯಲೆಂದೇ ಕಾದಿದ್ದನೇನೋ ಮಹರಾಯ!

ಎರಡು ವರ್ಷದ ಹಿಂದೆ ಅವರಿಬ್ಬರ ಮದುವೆ ಗೊತ್ತಾಗಿತ್ತು. ಅಲ್ಲಿಯ ರೂಢಿಯಂತೆ ಮದುವೆಯ ಒಂದೊಂದು ಖರ್ಚು ಹೊರಲು ಒಬ್ಬೊಬ್ಬರು ನೆಂಟರು. ಕೇಕು ಒಬ್ಬರದು, ವಾದ್ಯದವರು ಇನ್ನೊಬ್ಬರದು. ಮದುಮಗಳ ಬಿಳಿ ಉಡುಪಿನ ಖರ್ಚು ಹೊತ್ತು ಅದರ 'ಧರ್ಮತಾಯಿ'ಯಾಗಿದ್ದವಳು ಎಫ್ರಾಯಿನ್‌ನ ದೊಡ್ಡಮ್ಮ ಎಲ್ವಿರಾ. ಅವಳು ಹೊಲಿಸಿ ತಂದ ಉಡುಪು ನೊಯೆಮಿಯ ಸೊಂಟ ದಾಟಲಿಲ್ಲ.

"ಇನ್ನೂ ಆರು ವಾರ ಇದೆ ತಾಯಿ, ಬಾಯಿ ಕಟ್ಟು," ಎಂದು ಎಲ್ವಿರಾ ಎಲ್ಲರೆದುರು ನಕ್ಕಳು. ಎಫ್ರಾಯಿನ್ ತಲೆ ತಗ್ಗಿಸಿ ನಿಂತಿದ್ದ.

ನೊಯೆಮಿ ಊಟ ಬಿಟ್ಟಳು. ಸಾಲದ್ದಕ್ಕೆ ಬ್ಯೂಟಿ ಪಾರ್ಲರಿನವಳು ತೂಕ ಇಳಿಸಲೆಂದು ಮಾರುತ್ತಿದ್ದ ಹೆಸರಿಲ್ಲದ ಸೀಸೆಯ ಇಂಜೆಕ್ಷನ್ ಚುಚ್ಚಿಕೊಂಡಳು. ಮೂರನೆಯ ವಾರ ವಾಂತಿ ಮಾಡುತ್ತಾ ಮನೆಯಂಗಳದ ಹೂಕುಂಡಗಳ ನಡುವೆ ಕುಸಿದಳು. ಆಸ್ಪತ್ರೆಯ ಹಾಸಿಗೆಯಿಂದಲೇ ಉಂಗುರ ವಾಪಸ್ಸು ಕಳಿಸಿದಳು.

ಆಮೇಲೆ ಈ ಆರೋಗ್ಯ ಕೇಂದ್ರದ ವೈದ್ಯೆ ಮಾತ್ರ ಯಾರೂ ಕೇಳದ್ದನ್ನು ಕೇಳಿದ್ದರು: ರಕ್ತದ ಸಕ್ಕರೆ, ಬಿಪಿ, ಮಂಡಿನೋವು, ಅಮ್ಮನ ಕಾಯಿಲೆ. ಬೊಜ್ಜು ಹೊಟ್ಟೆಬಾಕತನವಲ್ಲ, ಕಾಯಿಲೆ ಎಂದರು. ತೂಕದಿಂದಲೇ ದೇಹ ಕೆಡುತ್ತಿರುವವರಿಗೆ ಮಾತ್ರ ತಾವು ಬರೆದುಕೊಡುವ ಈ ತೂಕದ ಔಷಧಿ, ಬಿಗಿ ಉಡುಪಿನೊಳಗೆ ಹಿಡಿಸಲು ಅಲ್ಲ. ಊಟದ ಪಥ್ಯ, ನಡಿಗೆ, ತಪಾಸಣೆ ಜೊತೆಗಿರಲೇಬೇಕು. ನಿಲ್ಲಿಸಿದರೆ ತೂಕ ಮರಳಬಹುದು ಎಂದೂ ಮುಚ್ಚಿಡದೆ ಹೇಳಿದರು. ಅಂದು ನೊಯೆಮಿ ಅತ್ತಿದ್ದಳು, ತಪ್ಪು ತನ್ನದಲ್ಲವೆಂದು ಮೊದಲ ಸಲ ಕೇಳಿ.

"ಆಗ ಚೆನ್ನಾಗಿರ್ಲಿಲ್ಲ, ಅಲ್ವಾ?" ಎಂದಳು ಈಗ. "ನಿಮ್ಮ ದೊಡ್ಡಮ್ಮ ಬೇಕಂತಲೇ ಚಿಕ್ಕದು ಹೊಲಿಸಿದ್ರು. ನೀನು ಬಾಯಿ ಬಿಡ್ಲಿಲ್ಲ."

"ದೊಡ್ಡಮ್ಮಂದು ತಪ್ಪಿಲ್ಲ," ಎಂದ. "ನಿನ್ನ ಸೊಂಟದ ಅಳತೆ ನನ್ನನ್ನ ಕೇಳಿದ್ರು. ನಾನೇ ನಾಲ್ಕು ಬೆರಳು ಕಡಿಮೆ ಹೇಳ್ದೆ."

ಎರಡು ವರ್ಷ ತಪ್ಪು ಮಾಡದವಳನ್ನು ಶಪಿಸಿದೆನಲ್ಲ... ಅವಳು ಪೂರ್ತಿ ಅವನತ್ತ ತಿರುಗಿದಳು.

"ಯಾಕೆ? ನನ್ನ ಮಾನ ಉಳಿಸೋಕಾ?"

"ಹಾಗಂದ್ಕೊಂಡೇ ಹೇಳ್ದೆ. ಅಲ್ಲ... ನನಗೇ ನಾಚಿಕೆ ಆಗಿತ್ತು. ಇದನ್ನ ಹೇಳೋಕೇ ಮೂರು ತಿಂಗಳಿಂದ ನೀನು ಬರೋ ದಿನ ಈ ಕೇಂದ್ರದ ಬಾಗಿಲವರೆಗೂ ಬಂದು ವಾಪಸ್ ಹೋಗ್ತಿದ್ದೆ."

ಅವಳ ಸರದಿ ಬಂತು. ದಾದಿ ದೂರದ ಮೇಜಿನ ಹಿಂದೆ ಕೂತು ಬರೆದುಕೊಳ್ಳುವವಳು. ಸಂಖ್ಯೆ ಓದುವುದು ಹಿಂದೆ ನಿಂತವರ ಕೆಲಸ. ಎಲ್ಲರೂ ಅದನ್ನು ಪಿಸುಗುಟ್ಟಿಯೇ ಹೇಳುತ್ತಿದ್ದರು. ನೊಯೆಮಿ ಚಪ್ಪಲಿ ಬಿಟ್ಟು ಯಂತ್ರ ಹತ್ತಿದಳು.

"ಓದು."

ಎಫ್ರಾಯಿನ್ ಬಗ್ಗಿ ನೋಡಿದ. ಬೆಂಚುಗಳ ತುಂಬ ಜನ, ಅರ್ಧ ಊರೇ ಪರಿಚಯದವರು.

"ತೊಂಬತ್ತಾರೂವರೆ ಕಿಲೋ," ಎಂದ, ಕೊನೆಯ ಬೆಂಚಿಗೂ ಕೇಳುವಂತೆ.

ಅವಳು ಇಳಿಯಲಿಲ್ಲ. "ಮತ್ತೆ ಮೊದಲಿನ ಹಾಗೆ ನೂರ ಹದಿನೆಂಟಾದ್ರೂ ಹೀಗೇ ಓದ್ತೀಯಾ?"

"ಓದ್ತೀನಿ."

"ನಾನಿನ್ನೂ ಕ್ಷಮಿಸಿಲ್ಲ."

"ಗೊತ್ತು."

ಕಣ್ಣೊರೆಸಿಕೊಂಡು ಅವನ ತೋಳು ಹಿಡಿದು ಕೆಳಗಿಳಿದಳು. ಇಳಿದ ಮೇಲೂ ಬಿಡಲಿಲ್ಲ.

"ಮುಂದಿನ ತಿಂಗಳೂ ನನ್ನ ಹಿಂದೆ ನೀನೇ ನಿಲ್ಲು."