ಕಲ್ಲುಬಾನಿಯ ಹುಳುಗಳು

"ರಾಜೀ, ಬಂದ್ಬುಟ್ರು ಕಣೇ!"

ಹಿತ್ತಿಲ ಗೋಡೆಯ ಮೇಲೆ ಪಕ್ಕದ ಮನೆಯ ಪುಟ್ಟಸ್ವಾಮಿಯ ತಲೆ ಕಾಣಿಸಿತು. ಓಡಿ ಬಂದು ಏದುಸಿರು ಬಿಡುತ್ತಿದ್ದ.

"ಯಾರೋ ಬಂದಿದ್ದು?"

"ಮಲೇರಿಯಾ ಇನ್‌ಸ್ಪೆಟ್ರು! ಸೊಳ್ಳೆ ಸಾಯ್ಲಿ ಅಂತ ನಮ್ ಇತ್ಲಲ್ಲಿ ಗುಂಡಿಗೆಲ್ಲ ಎಣ್ಣೆ ಉಯ್ದ್ರು. ಕಪ್ಪೆಗೋಳು ಒಟ್ಟೆ ಮೇಲೆ ಮಾಡ್ಕಂಡು ತೇಲ್ತಾವೆ. ಇವತ್ತು ನಿನ್ ಜಪಾನ್ ಮೀನು ಸೀಮೆಣ್ಣೆ ಕುಡೀತದೆ ನೋಡು!"

"ಬಾಯ್ಮುಚ್ಚೋ!" ಎಂದಳು ರಾಜೀಮತಿ. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಮರೆಮಾಡಿದಳು.

ಹಿತ್ತಿಲ ಪುಟ್ಟ ಕೊಳದಲ್ಲಿ ಅವಳ ಮೀನು ಕುಂಕುಮ ತೇಲಿ ಬಂದು ಬಾಯಿ ತೆರೆಯಿತು. ಮಹಾಯುದ್ಧ ಶುರುವಾಗುವ ಮೊದಲು ಸೋದರಮಾವ ಮೈಸೂರಿನ ಯಾವುದೋ ಬಂಗಲೆಯಿಂದ ತಂಬಿಗೆಯಲ್ಲಿ ತಂದ ಮೀನು ಅದು. ಆಗ ಬೆರಳುದ್ದ ಇತ್ತು. ರಾಜಿ ದಿನಾ ಬಾವಿಯಿಂದ ಹೊಸ ನೀರು ಸೇದಿ ಹಾಕಿದಳು. ಹುರಿಗಡಲೆ ಪುಡಿ ಉದುರಿಸಿದಳು, ಬೇಸಿಗೆಯಲ್ಲಿ ತೆಂಗಿನ ಗರಿಯ ನೆರಳು ಮಾಡಿದಳು. ಈಗ ಕುಂಕುಮ ಅವಳ ಮೊಳಕೈಯಷ್ಟು ಉದ್ದ.

ಕೊಳದ ಅಂಚಿನ ಪಾಚಿಯಲ್ಲಿ ಕೊಂಕಿ ಕೊಂಕಿ ಈಜುವ ಸಣ್ಣ ಹುಳುಗಳನ್ನು ಕುಂಕುಮ ಗುಳುಂ ಎಂದು ನುಂಗುವುದನ್ನು ಅವಳು ಒಂದು ದಿನ ಕಂಡಿದ್ದಳು. ಆ ಸಂಜೆ ಅವಳ ಅಜ್ಜಿ, ಮರುದೇವಜ್ಜಿ, ಎಂದಿನಂತೆ ರಾಗವಾಗಿ ಪದ್ಯ ಹೇಳುತ್ತಿದ್ದರು. ಇರುವೆಯ ಕಾಲಿಗೂ ನೋವುಂಟು, ಅರಿತು ಹೆಜ್ಜೆಯಿಡು ಎಂದು. ರಾಜಿಗೆ ಊಟ ಸೇರಲಿಲ್ಲ.

ಅವರದು ಜೈನರ ಮನೆ; ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುತ್ತಾರೆ. ಬಟ್ಟೆಗೆ ಅಂಟಿದ ಕಣ್ಣಿಗೆ ಕಾಣದ ಜೀವಗಳನ್ನು ಮೆಲ್ಲಗೆ ಅದೇ ಬಾವಿಗೆ ತೊಳೆದು ಬಿಡುತ್ತಾರೆ. ರಾಜಿಯೂ ಹಾಗೇ ಮಾಡಿದಳು. ಬೆಳಗ್ಗೆ ಬೆಳಗ್ಗೆಯೇ ಕೊಳದ ಅಂಚಿನ ನೀರನ್ನು ಸೋಸಿ ಹುಳುಗಳನ್ನು ಹಿಡಿದಳು. ಮತ್ತೆ ಕೊಳಕ್ಕೇ ಬಿಟ್ಟರೆ ಮೀನು ತಿನ್ನುತ್ತದಲ್ಲ! ಅದಕ್ಕೆ ಹಸುವಿಗೆ ಕಲಗಚ್ಚು ಇಡುತ್ತಿದ್ದ ಹಳೆಯ ಕಲ್ಲುಬಾನಿಗೆ ನೀರು ತುಂಬಿ, ಅದರಲ್ಲಿ ಬಿಟ್ಟಳು. ಮೇಲೆ ಹಲಗೆಯನ್ನು ಓರೆಯಾಗಿ ಮುಚ್ಚಿದಳು. ಯಾರಿಗೂ ಹೇಳಲಿಲ್ಲ.

ಬಾನಿ ಇದ್ದದ್ದು ನಡುಮನೆಯ ಕಿಟಕಿಯ ಕೆಳಗೆ. ಆ ಕಿಟಕಿಯಿಂದ ಈಗ ತಮ್ಮ ಚಂದ್ರುವಿನ ನರಳಾಟ ಕೇಳಿಸುತ್ತಿತ್ತು. ಅವನಿಗೆ ಚಳಿಜ್ವರ. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಅಮ್ಮ ಅವನ ಪಕ್ಕ ಬಿಟ್ಟು ಏಳುತ್ತಿರಲಿಲ್ಲ.

ಹಿತ್ತಿಲ ಬಾಗಿಲು ಕಿರ್ರೆಂದಿತು. ಇನ್‌ಸ್ಪೆಕ್ಟರ್ ಚಂದ್ರಶೇಖರಯ್ಯ ಬಂದರು, ತಲೆಯ ಮೇಲೆ ದೊಡ್ಡ ಹ್ಯಾಟು. ಹಿಂದೆ ಎಣ್ಣೆಯ ಡಬ್ಬ ಹೊತ್ತ ಜವಾನ ಗುಂಡಯ್ಯ. ಡಬ್ಬದೊಳಗೆ ಎಣ್ಣೆ ಗುಳುಗುಳು ಎಂದಾಗ ರಾಜಿ ಕೊಳದ ಹತ್ತಿರಕ್ಕೆ ಸರಿದಳು.

ಇನ್‌ಸ್ಪೆಕ್ಟರು ಬಿಳಿ ಸೌಟಿನಲ್ಲಿ ಕೊಳದ ನೀರು ಮೊಗೆದು ನೋಡಿದರು. "ಒಂದು ಹುಳಾನೂ ಇಲ್ಲ. ಭಲೇ ಮೀನು ಸಾಕಿದೀಯಮ್ಮ."

ರಾಜಿಗೆ ಉಸಿರು ಬಂತು.

"ಸಾ, ಇಲ್ಲೊಸಿ ನೋಡಿ ಸಾ!" ಎಂದ ಗುಂಡಯ್ಯ. ಅವನು ಹಲಗೆ ಸರಿಸಿದ್ದ. "ಇದೇನ್ ಬಾನೀನೋ, ಸೊಳ್ಳೆ ಮಠಾನೋ!"

ಗೋಡೆಯ ಮೇಲಿನಿಂದ ಪುಟ್ಟಸ್ವಾಮಿ ಕಿಸಕ್ಕನೆ ನಕ್ಕ. ಇನ್‌ಸ್ಪೆಕ್ಟರು ನಗಲಿಲ್ಲ. "ಒಳಗೆ ನರಳ್ತಿರೋದು ಯಾರು?"

"ನನ್ನ ತಮ್ಮ. ಚಳಿಜ್ವರ."

"ಜ್ವರ ಇರೋ ಮನೇಲಿ ಹುಳ ಸಿಕ್ಕಿದ್ರೆ ನಿಂತ ನೀರಿಗೆಲ್ಲ ಎಣ್ಣೆ. ಗುಂಡಯ್ಯ, ಡಬ್ಬ ಬಿಚ್ಚು. ಕೊಳಕ್ಕೂ ಹಾಕು."

"ಬೇಡ ಸಾರ್!" ರಾಜಿ ಕೊಳಕ್ಕೆ ಅಡ್ಡ ನಿಂತಳು. "ಕೊಳದ್ದೇನೂ ತಪ್ಪಿಲ್ಲ. ಹುಳ ಬಿಟ್ಟಿದ್ದು ನಾನು. ಮೀನು ತಿಂದ್ಬಿಡುತ್ತೆ ಅಂತ..." ಅಳು ಬಂತು.

ಚಂದ್ರಶೇಖರಯ್ಯ ಹ್ಯಾಟು ತೆಗೆದು ಅವಳನ್ನೇ ನೋಡಿದರು. "ರೆಕ್ಕೆ ಬಂದ ಮೇಲೆ ಇವು ಎಲ್ಲಿಗೆ ಹೋಗ್ತವೆ ಅಂತ ನೋಡಿದೀಯಾ ಮಗು?"

ಆಗಲೇ ಬಾನಿಯ ಅಂಚಿನಿಂದ ಒಂದು ಸೊಳ್ಳೆ ಎದ್ದಿತು. ಗೋಡೆಗುಂಟ ಮೇಲೇರಿ ಕಿಟಕಿಯ ಸರಳಿನ ನಡುವೆ ಒಳಗೆ ಹೋಯಿತು. ಒಳಗೆ ಚಂದ್ರು ನರಳಿದ. ರಾಜಿ ಬಾನಿಯತ್ತ ತಿರುಗಿದಳು.

"ಬೀದಿ ಕೊನೇವರೆಗೂ ಹೋಗಿ ಬರ್ತೀನಿ. ಆಗಲೂ ಇದರಲ್ಲಿ ಹುಳ ಇದ್ರೆ ಎರಡಕ್ಕೂ ಎಣ್ಣೆ" ಎಂದು ಅವರು ಹೊರಟರು.

ಎಲ್ಲಿಗೆ ಚೆಲ್ಲುವುದು? ನೆಲಕ್ಕೆ ಹಾಕಿದರೆ ಬಿಸಿಲಿಗೆ ಒದ್ದಾಡಿ ಸಾಯುತ್ತವೆ. ಮೋರಿಗೆ?

"ಮೋರಿ ನಮ್ ಕಡೀಕೆ ಅರೀತದೆ ಕಣೇ! ನಮ್ಮನೇಲೂ ಮಕ್ಳವೆ!" ಎಂದು ಕೂಗಿದ ಪುಟ್ಟಸ್ವಾಮಿ.

ಕುಂಕುಮ ಮತ್ತೆ ತೇಲಿ ಬಂದು ಬಾಯಿ ತೆರೆಯಿತು.

ಮರುದೇವಜ್ಜಿ ಯಾವಾಗ ಬಂದರೋ, ಬಾಗಿಲ ಬಳಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಅಜ್ಜಿ, ಮೀನಿಗೆ ಹಾಕಿದ್ರೆ ಪಾಪ ಯಾರಿಗೆ?"

ಅಜ್ಜಿಗೆ ಪ್ರತಿಯೊಂದಕ್ಕೂ ಒಂದು ಪದ್ಯ ಗೊತ್ತಿತ್ತು. ಇವತ್ತು ಅವರು ಬಾನಿಯೊಳಗೆ ಬಗ್ಗಿ ನೋಡಿದರು. "ನಂಗೂ ಗೊತ್ತಿಲ್ಲ ಕಂದಾ" ಎಂದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾವಿಯ ಬಳಿಯಿದ್ದ ಹಂಡೆಯ ಒಂದು ಹಿಡಿಬಳೆ ಹಿಡಿದರು. "ಬಾ, ನೀನೊಂದು ಕಡೆ ಹಿಡಿ. ಅರ್ಧ ನನಗಿರಲಿ."

ಇಬ್ಬರೂ ಬಾನಿಯ ನೀರನ್ನು ಹಂಡೆಗೆ ಮೊಗೆದು ಮೊಗೆದು ಕೊಳಕ್ಕೆ ಸುರಿದರು. ಗುಳುಂ. ಗುಳುಂ. ಕಣ್ಣು ಮುಚ್ಚಬೇಕು ಅನ್ನಿಸಿತು ರಾಜಿಗೆ. ಮುಚ್ಚಲಿಲ್ಲ. ಕೊನೆಗೆ ಖಾಲಿ ಬಾನಿಯನ್ನು ಹಂಚಿಕಡ್ಡಿ ಪೊರಕೆಯಿಂದ ಉಜ್ಜಿ ಒಣಗಿಸಿದಳು.

ತಿರುಗಿ ಬಂದ ಇನ್‌ಸ್ಪೆಕ್ಟರು ಬಾನಿಯೊಳಗೆ ಬೆರಳಾಡಿಸಿ ನೋಡಿದರು. ಗುಂಡಯ್ಯ ಡಬ್ಬದ ಮುಚ್ಚಳ ಬಿಗಿದ. ತಮ್ಮನಿಗೆಂದು ಅವರು ಕಾಗದದ ಪೊಟ್ಟಣದಲ್ಲಿ ಕ್ವಿನೈನ್ ಮಾತ್ರೆ ಕೊಟ್ಟು ಹೋದರು.

ರಾಜಿ ನೀರು ಸೋಸಿ ಲೋಟದಲ್ಲಿ ತುಂಬಿದಳು. ಬಟ್ಟೆಗೆ ಅಂಟಿದ್ದನ್ನು ಎಂದಿನಂತೆ ಬಾವಿಗೆ ತೊಳೆದು ಬಿಟ್ಟಳು. ಒಳಗೆ ಬಂದಾಗ ಚಂದ್ರುವಿನ ಕಂಬಳಿ ಜಾರಿತ್ತು. ಅವನ ಮಂಡಿಯ ಮೇಲೆ ಒಂದು ಸೊಳ್ಳೆ ಕೂತಿತ್ತು.

ಅವಳು ಹೊಡೆಯಲಿಲ್ಲ. ಉಫ್ ಎಂದು ಊದಿ, ಕಂಬಳಿಯನ್ನು ಅವನ ಗಲ್ಲದವರೆಗೂ ಎಳೆದಳು. ಸೊಳ್ಳೆ ಹಾರಿತು. ಅದು ಎಲ್ಲಿಗೆ ಹೋಗುತ್ತದೆಂದು ಈ ಸಲ ಅವಳು ಕೊನೆಯವರೆಗೂ ನೋಡುತ್ತ ಕೂತಳು.