ದ್ರಾಕ್ಷಾಯಿಣಿಯ ಊಟದ ಹೊತ್ತು

ಅತ್ತೆಯ ತಾಟಿಗೆ ಬಿದ್ದ ಎರಡನೆಯ ಹೋಳಿಗೆಯನ್ನು ದ್ರಾಕ್ಷಾಯಿಣಿ ಎಲ್ಲರೆದುರೇ ಎತ್ತಿ ಬದಿಗಿಟ್ಟಳು. ನವನಗರದ ಆ ಮನೆಯಲ್ಲಿ ಅಂದು ಬಸುರಿ ಗೀತಾಂಜಲಿಯ ಕುಬಸ, ಸೀಮಂತದ ಊಟ. ಹಾಡು ಹೇಳುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಗೀತಾಂಜಲಿಯ ತಾಯಿ, ದ್ರಾಕ್ಷಾಯಿಣಿಗೆ ಗಂಡನ ಅಕ್ಕನಾಗಬೇಕಾದ ಕಾಶೀಬಾಯಿ, ತುಪ್ಪದ ತಂಬಿಗೆಯನ್ನು ನೆಲಕ್ಕಿಟ್ಟು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು.

"ಹೆತ್ತ ಮಗಳ ಮನ್ಯಾಗೂ ನಮ್ಮವ್ವ ಹೊಟ್ಟಿ ತುಂಬ ಉಣಬಾರದೇನು? ಕಮರಿಪೇಟಿ ನಿಮ್ಮ ಮನ್ಯಾಗ ಉಪಾಸ ಕೆಡವೂದು ಸಾಲಲಿಲ್ಲಂತ ಇಲ್ಲೀತನಾ ಬಂದೀಯೇನು?"

"ಒಂದು ಉಂಡಾರ್ರಿ ಅಕ್ಕಾರ. ಮುಂಜಾನಿ ಶುಗರ್ ಭಾಳ ಇತ್ತು..."

"ಸಾಕ್ಮಾಡು. ಸಕ್ಕರಿ ಬ್ಯಾನಿ ಊರ ಮಂದಿಗೆಲ್ಲಾ ಐತಿ. ಯಾರ ಸೊಸಿನೂ ಅತ್ತಿ ತಾಟಿಗೆ ಕೈ ಹಾಕಿದ್ದು ನಾ ನೋಡಿಲ್ಲ."

ದ್ರಾಕ್ಷಾಯಿಣಿ ಗಂಡನ ಕಡೆ ನೋಡಿದಳು. ಹನಮೇಶ ಅಕ್ಕನ ಮಾತಿಗೆ ಎದುರಾಡುವವನಲ್ಲ. ಹೊರಗಿನ ಚಪ್ಪಲಿ ಎಣಿಸುವವನಂತೆ ತಲೆ ಬಾಗಿಸಿ ನಿಂತಿದ್ದ. ಅತ್ತೆ ಫಕೀರವ್ವ ಮಾತ್ರ ತಾಟನ್ನು ಮುಂದಕ್ಕೆ ಸರಿಸಿ, "ನಾ ಇಲ್ಲೇ ಇರ್ತೇನಿ ಕಾಶಿ. ಆ ಮನಿಗೆ ಹೋಗಾಂಗಿಲ್ಲ," ಎಂದುಬಿಟ್ಟಳು.

ಅತ್ತೆಯನ್ನು ಅಲ್ಲೇ ಬಿಟ್ಟು ಗಂಡಹೆಂಡಿರಿಬ್ಬರೂ ಕಮರಿಪೇಟೆಯ ಬಸ್ಸು ಹತ್ತಿದರು. ದ್ರಾಕ್ಷಾಯಿಣಿಯ ಎದೆಯೊಳಗೆ ಹೇಳಬೇಕಾದ್ದು ಬೇಕಾದಷ್ಟಿತ್ತು... ತವರೂರು ಕೆಲಗೇರಿಯಲ್ಲಿ ಅವಳನ್ನು ಹೆತ್ತವಳು ಇದೇ ಸಕ್ಕರೆ ರೋಗಕ್ಕೆ ಮೊದಲು ಹೆಬ್ಬೆರಳು, ಆಮೇಲೆ ಪಾದ, ಕೊನೆಗೆ ಮೊಣಕಾಲಿನ ತನಕ ಕಳೆದುಕೊಂಡು ಹಾಸಿಗೆ ಹಿಡಿದು ಹೋದದ್ದನ್ನು ಅವಳು ಈ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಿರಲಿಲ್ಲ. ತವರಿನ ದುಃಖವನ್ನು ಗಂಡನ ಮನೆಗೆ ಹೊತ್ತು ತರಬಾರದೆಂದು ತಾಯಿಯೇ ಹೇಳಿ ಕಳಿಸಿದ್ದಳು. ಹೀಗಾಗಿ ಅತ್ತೆಗೆ ರೋಗ ಕಂಡಾಗ ಅವಳು ಮಾತು ಬಿಟ್ಟು ಕೆಲಸ ಹಿಡಿದಳು. ಅನ್ನ ಕಡಿಮೆ ಮಾಡಿ ರೊಟ್ಟಿ, ಮೆಂತ್ಯೆ ಪಲ್ಯ, ಮಡಿಕೆಕಾಳು ಬಡಿಸತೊಡಗಿದಳು. ಚಹಾದ ಸಕ್ಕರೆ ತೆಗೆದಳು. ಹನಮೇಶ ತಂದುಕೊಟ್ಟ ಪುಟ್ಟ ಯಂತ್ರದಿಂದ ಬೆರಳಿನ ರಕ್ತದಲ್ಲಿ ಸಕ್ಕರೆ ನೋಡುವುದನ್ನು ಕಲಿತಳು. ಫಕೀರವ್ವನಿಗೆ ಆ ಸೂಜಿ ಕಂಡರೆ ಮೈಯೆಲ್ಲ ಉರಿ. ಚುಚ್ಚಿಸಿಕೊಂಡ ಬೆರಳನ್ನು ಓಣಿಯ ಹೆಂಗಸರಿಗೆಲ್ಲ ತೋರಿಸಿ ಬರುತ್ತಿದ್ದಳು. ಸೊಸೆ ಹೊಟ್ಟೆಗೆ ಹಾಕುವುದಿಲ್ಲ ಎಂಬ ಮಾತು ಹುಟ್ಟಿದ್ದು ಅಲ್ಲಿಂದಲೇ.

ಮಗಳ ಮನೆಯಲ್ಲಿ ಫಕೀರವ್ವ ಸುಖವಾಗಿಯೇ ಇದ್ದಳು. ಬೇಕೆಂದಾಗ ಶಿರಾ, ಊಟಕ್ಕೆ ಬಿಸಿ ಅನ್ನ. ಗುಳಿಗೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಚಳಿ ಹೆಚ್ಚಾದಾಗ ಕಾಶೀಬಾಯಿ ತಾಯಿಯ ಮೇಲಿನ ಅಕ್ಕರೆಯಿಂದಲೇ ಬಿಸಿನೀರಿನ ಬಕೀಟಿನಲ್ಲಿ ಕಾಲಿಡಿಸಿದಳು. ನೀರು ಚರ್ಮ ಸುಡುವಷ್ಟು ಬಿಸಿಯಿತ್ತೆಂಬುದು ಫಕೀರವ್ವನಿಗೆ ತಿಳಿಯಲಿಲ್ಲ. ಅಂಗಾಲಿನ ಅರಿವು ಯಾವಾಗಲೋ ಹೋಗಿತ್ತು. ಎದ್ದ ಬೊಬ್ಬೆ ಒಡೆದು ಕೀವಾಯಿತು. ಜ್ವರದಲ್ಲಿ ಅವಳು ಬಡಬಡಿಸತೊಡಗಿದ ಮೇಲೆಯೇ ಮನೆಯವರು ಕಾಲು ನೋಡಿದ್ದು.

ದವಾಖಾನೆಯಲ್ಲಿ ಡಾಕ್ಟರು ಕೆಟ್ಟ ಮಾಂಸ ತೆಗೆದು, ಇನ್ನಷ್ಟು ತಡ ಮಾಡಿದ್ದರೆ ಪಾದ ಉಳಿಯುತ್ತಿರಲಿಲ್ಲ ಎಂದರು. ದ್ರಾಕ್ಷಾಯಿಣಿ ಆ ಬ್ಯಾಂಡೇಜಿನ ಕಾಲನ್ನು ನೋಡಿದವಳೇ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಕಾಶೀಬಾಯಿ ಹತ್ತಿರ ಬಂದು ಕೂತಳು.

"ನಾನೇ ಸುಟ್ಟೆ ನಮ್ಮವ್ವನ ಕಾಲು..."

"ಹಂಗನ್ನಬ್ಯಾಡ್ರಿ ಅಕ್ಕಾರ. ಕಾಲು ಉಳಿದೈತಲ್ಲ. ನಮ್ಮವ್ವಂದು ಉಳೀಲಿಲ್ಲ." ಅಲ್ಲಿ, ಔಷಧದ ವಾಸನೆಯ ಆ ಓಣಿಯಂಥ ಜಾಗದಲ್ಲಿ, ದ್ರಾಕ್ಷಾಯಿಣಿ ಕೆಲಗೇರಿಯ ಕಥೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಒಳಗೆ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಫಕೀರವ್ವನಿಗೆ ನಿದ್ದೆ ಬಂದಿರಲಿಲ್ಲ.

ಕಮರಿಪೇಟೆಗೆ ಕರೆತಂದ ಮೇಲೆ ಮುದುಕಿ ಹಾಕಿದ್ದನ್ನು ಸುಮ್ಮನೆ ಉಂಡಳು. ಆದರೆ ಸೂಜಿಗೆ ಮಾತ್ರ ಒಪ್ಪಲಿಲ್ಲ. "ದವಾಖಾನ್ಯಾಗ ಚುಚ್ಚಿ ಚುಚ್ಚಿ ಮೈ ಜರಡಿ ಮಾಡ್ಯಾರ. ಇನ್ನ ನನ್ನ ಕಡಿಂದ ಆಗಾಂಗಿಲ್ಲ," ಎಂದು ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ನೋಡ್ರಿ ಅತ್ತಿ, ಇರುವಿ ಕಚ್ಚಿದಷ್ಟು ಸೈತ ನೋಯೂದಿಲ್ಲ," ಎಂದು ದ್ರಾಕ್ಷಾಯಿಣಿ ನಗುತ್ತ ತನ್ನ ಬೆರಳಿಗೇ ಚುಚ್ಚಿಕೊಂಡು, ರಕ್ತದ ಹನಿಯನ್ನು ಪಟ್ಟಿಗೆ ತಾಗಿಸಿದಳು. ಅಂಕಿ ಮೂಡಿತು. ಅವಳ ನಗೆ ಅಲ್ಲೇ ನಿಂತಿತು.

ಫಕೀರವ್ವನಿಗೆ ಅಕ್ಷರ ಬಾರದು, ಆದರೆ ಮುಖ ಓದಲು ಬರುತ್ತಿತ್ತು. "ಎಷ್ಟ ಬಂತು?"

"ಯಂತ್ರ ಕೆಟ್ಟೈತೇನೋರಿ..."

"ಎಷ್ಟ ಬಂತು ಅಂತ ಕೇಳಿದೆ."

"ನಿಮ್ಮದಕ್ಕಿಂತ ಹೆಚ್ಚೈತ್ರಿ. ಇನ್ನೂ ಏನೂ ತಿಂದಿಲ್ಲ ನಾ..."

ದವಾಖಾನೆಯ ಪರೀಕ್ಷೆಯೂ ಅದನ್ನೇ ಹೇಳಿತು. ದಣಿವು, ರಾತ್ರಿಯ ಬಾಯಾರಿಕೆ, ಮಂಜಾಗುವ ಕಣ್ಣು, ಎಲ್ಲವನ್ನೂ ಅವಳು ಮನೆಗೆಲಸದ ಲೆಕ್ಕಕ್ಕೆ ಹಚ್ಚಿದ್ದಳು. ಅತ್ತೆಯ ತಾಟನ್ನು ಅಷ್ಟು ಅಳೆದವಳು ತನ್ನ ತಾಟನ್ನು ಒಮ್ಮೆಯೂ ನೋಡಿರಲಿಲ್ಲ. ಎಲ್ಲರದೂ ಆದ ಮೇಲೆ ಮಧ್ಯಾಹ್ನ ಇಳಿಯುವ ಹೊತ್ತಿಗೆ ತಳದ ತಂಗಳನ್ನ, ಮಿಕ್ಕ ಸಿಹಿ, ನಡುವೆ ಹಸಿವಾದರೆ ಸಕ್ಕರೆ ಚಹಾ... ಇದೇ ಅವಳ ಊಟ.

ಡಾಕ್ಟರು ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದಾಗ ದ್ರಾಕ್ಷಾಯಿಣಿ ತಲೆಯಾಡಿಸಿ ಬಂದಳು. ಮನೆಗೆ ಬಂದೊಡನೆ ಹಳೆಯ ಹಾಗೆಯೇ ಒಲೆ ಮುಂದೆ ನಿಂತಳು. ಫಕೀರವ್ವ ಕೋಲೂರಿಕೊಂಡು ಅಡುಗೆಮನೆಗೆ ಬಂದಳು.

"ನಿಮ್ಮವ್ವ ಹ್ಯಾಂಗ ಹೋದ್ಲು ಅನ್ನೂದು ನಾ ಕೇಳಿಸ್ಕೊಂಡೇನಿ. ನನ್ನ ಹತ್ರ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಹೆದರ್ತಿದ್ರಿ..."

"ಹೆದರಿದ್ರ ಛಲೋ ಆಗ್ತಿತ್ತು. ನಾ ಓಣಿ ತುಂಬ ನಿನ್ನ ಹೆಸರು ಕೆಡಿಸಿದೆ, ನೀ ನನ್ನ ಕಾಲು ಕಾಯ್ದಿ." ಮುದುಕಿ ಬಲಗೈ ಮುಂದೆ ಚಾಚಿದಳು. "ತಗೋ, ಚುಚ್ಚು. ಆದ್ರ ದಿನಾ ನನ್ನ ಜೋಡಿ ನಿಂದೂ ನೋಡಬೇಕು. ಮತ್ತ ಇವತ್ತಿಂದ ನೀ ನನ್ನ ಕೂಡ ಉಣ್ಣಬೇಕು. ಗಂಡಸರು ಬರೂತನಾ ಕಾಯೂ ಹಂಗಿಲ್ಲ."

"ಮಂದಿ ಏನಂತಾರ್ರಿ?"

"ಮಂದಿಗೆ ಮೊದಲು ಸುಳ್ಳು ಹೇಳಿದಾಕಿ ನಾ. ಖರೇನೂ ನಾನೇ ಹೇಳ್ತೇನಿ."

ಹೇಳಿದಳು ಕೂಡ. ಆದರೆ ಓಣಿಗಿಂತ ಮನೆಯೇ ಕಷ್ಟವಾಯಿತು. ಕೆಲವು ದಿನ ಅತ್ತೆಯ ಅಂಕಿ ಏರುತ್ತಿತ್ತು, ಕೆಲವು ದಿನ ಸೊಸೆಯದು. ಒಬ್ಬರನ್ನೊಬ್ಬರು ಬೈಯುತ್ತಲೇ ಇಬ್ಬರೂ ಕಾಳುಪಲ್ಯ ಸೋಸಿದರು.

ಒಂದು ಮಧ್ಯಾಹ್ನ ಹನಮೇಶ ಕಾರ್ಖಾನೆಯಿಂದ ಎಂದಿಗಿಂತ ಲಗೂ ಬಂದ. ಹೆಂಡತಿ ರೊಟ್ಟಿ ಮುರಿದು ತುತ್ತು ಎತ್ತಿದ್ದಳು. ಗಂಡನನ್ನು ಕಂಡವಳೇ ತುತ್ತು ಬಿಟ್ಟು ಏಳಹೋದಳು; ಫಕೀರವ್ವ ಅವಳ ಭುಜ ಹಿಡಿದು ಕೂರಿಸಿದಳು. ಹನಮೇಶ ಕ್ಷಣ ಹೊತ್ತು ಬಾಗಿಲಲ್ಲಿ ನಿಂತ. ನವನಗರದಲ್ಲಿ ತಲೆ ತಗ್ಗಿಸಿ ನಿಂತದ್ದು ಅವನಿಗೆ ನೆನಪಾಯಿತೋ ಏನೋ. "ಉಣ್ಣು, ಏಳಬ್ಯಾಡ," ಎಂದವನು ಕೈಕಾಲು ತೊಳೆದು ಬಂದು, ತಾನೇ ಒಂದು ತಾಟು ತೆಗೆದುಕೊಂಡು ಹೆಂಡತಿಯ ಪಕ್ಕದಲ್ಲಿ ಕೂತ.

ದ್ರಾಕ್ಷಾಯಿಣಿ ಎಡಗೈಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಉಣ್ಣತೊಡಗಿದಳು.